ವೌಚರ್ ಅಂದ ಕೂಡಲೇ ಬಾಗಿಲು ಹಾಕಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮದೊಂದು ಮನೆ ಬಾಡಿಗೆಗಿದೆ. ಇಲ್ಲಿ ಮನೆ ಬಾಡಿಗೆಗೆ ಕೊಡುವ ನಮ್ಮವರಲ್ಲಿ ಕೆಲವರು ‘ಸೆಕ್ಷನ್ 8 ವೌಚರ್’ ಅಂದರೆ ಸಾಕು, ಹಿಂದೆ ಸರಿಯುತ್ತಾರೆ. ನಾನೂ ಹೆದರಿದ್ದೆ.

ಕಡಿಮೆ ಆದಾಯದವರಿಗೆ ಮನೆ ಬಾಡಿಗೆ ಕಟ್ಟಲು ಅಮೆರಿಕ ಸರ್ಕಾರ ಕೊಡುವ ನೆರವು ಇದು, 1974ರ ಕಾನೂನಿನಿಂದ ಶುರುವಾದದ್ದು. ಬಾಡಿಗೆದಾರರು ತಮ್ಮ ಆದಾಯದ ಸುಮಾರು ಶೇ 30ರಷ್ಟು ಕೊಡುತ್ತಾರೆ. ಉಳಿದದ್ದನ್ನು ಸ್ಥಳೀಯ ವಸತಿ ಕಚೇರಿ, ಒಂದು ಮಿತಿಯೊಳಗೆ, ನೇರವಾಗಿ ಮಾಲೀಕರಿಗೇ ಕಟ್ಟುತ್ತದೆ. ಬಾಡಿಗೆ 2,000 ಡಾಲರ್, ಲೆಕ್ಕಕ್ಕೆ ಹಿಡಿಯುವ ತಿಂಗಳ ಆದಾಯ 1,500 ಅನ್ನಿ. ಅವರದು 450, ಕಚೇರಿಯದು 1,550. ಅವರ ದುಡಿಮೆ ಕಡಿಮೆಯಾದರೆ ಕಚೇರಿಯ ಪಾಲು ಏರುತ್ತದೆ. ಮಾಲೀಕರಿಗೆ ಇದಕ್ಕಿಂತ ಧೈರ್ಯ ಏನು ಬೇಕು?

ಹಣ ಬರುವ ಮೊದಲು ಮನೆಯ ತಪಾಸಣೆ ಆಗುತ್ತದೆ. ನಮ್ಮಲ್ಲಿಗೆ ಬಂದವರು ಒಲೆಯ ನಾಲ್ಕೂ ಬರ್ನರ್ ಹಚ್ಚಿ ನೋಡಿದರು. ಒಂದು ಹತ್ತಲಿಲ್ಲ. ರಿಪೇರಿ ಮಾಡಿಸಿ ಮತ್ತೆ ಕರೆಸಬೇಕಾಯಿತು. ಆಗ ಕಿರಿಕಿರಿ ಅನಿಸಿತ್ತು, ನಿಜ. ಆದರೆ ಆ ಒಲೆ ಮೊದಲೇ ಸರಿಯಿರಬೇಕಿತ್ತು, ಅಲ್ವಾ?

ಬಾಡಿಗೆದಾರರ ಹಿನ್ನೆಲೆ ವಿಚಾರಿಸುವ ಹಕ್ಕು ನಮಗಿದೆ. ಸುಮ್ನೆ ವೌಚರ್ ಇದೆ ಅಂತ ಮನೆ ಇಲ್ಲ ಎನ್ನುವುದು ಮಾತ್ರ ನ್ಯೂಜೆರ್ಸಿಯಲ್ಲಿ ಕಾನೂನಿಗೆ ವಿರುದ್ಧ. ಅರ್ಹರಲ್ಲಿ ಬಹುತೇಕರಿಗೆ ಈ ನೆರವು ಸಿಗುವುದೇ ಇಲ್ಲ. ಸಿಕ್ಕರೂ ಮನೆ ಹುಡುಕಲು ಶುರುವಿನಲ್ಲಿ 60 ದಿನವಷ್ಟೇ ಗ್ಯಾರಂಟಿ. ನಮ್ಮ ಮನೆಗೆ ಬಂದ ತಾಯಿ, ಪ್ಲಾಸ್ಟಿಕ್ ಕವರಿನಲ್ಲಿ ಆ ವೌಚರ್ ಕಾಗದ ಹಿಡಿದು ನಿಂತಾಗ ಅವರಿಗೆ ಉಳಿದಿದ್ದು ಒಂದೇ ವಾರ.

— ಒಬ್ಬ ಓದುಗ, ನ್ಯೂಜೆರ್ಸಿ