ನೀರಿನ ಬಾಟಲಿಯಲ್ಲಿ ಆಸಿಡ್

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮ ಬೀದಿಗೆ ಫಿನೈಲ್ ಗಾಡಿ ಬಂದಿತ್ತು. ಪಕ್ಕದ ಮನೆಯವರು ಬಾತ್‌ರೂಮ್ ಆಸಿಡ್ ಕೇಳಿದರು. ಗಾಡಿಯವನು ಕ್ಯಾನ್ ಬಗ್ಗಿಸಿ, ಯಾರೋ ಕುಡಿದು ಬಿಸಾಕಿದ ನೀರಿನ ಬಾಟಲಿಗೆ ತುಂಬಿಸಿ ಕೊಟ್ಟ. ಬಾಟಲಿ ಬಾಯಿಂದ ಬಿಳಿ ಹೊಗೆ ಏಳುತ್ತಿತ್ತು. ಮೇಲೊಂದು ಚೀಟಿಯೂ ಇಲ್ಲ. ಮಕ್ಕಳು ನೀರು ಅಂದುಕೊಳ್ಳಲ್ವಾ?

ಅದು ಹೈಡ್ರೋಕ್ಲೋರಿಕ್ ಆಸಿಡ್. ಕಾರ್ಖಾನೆಗಳಲ್ಲಿ ಉಕ್ಕಿನ ತುಕ್ಕು ತೆಗೆಯಲು ಬಳಸುವ ಸರಕು. ಬೋರ್ ನೀರಿನ ಬಿಳಿ ಕಲೆ ಬುಸುಬುಸು ನೊರೆ ಬಂದು ಹೋಗುವುದೇನೋ ನಿಜ. ಆದರೆ ಟೈಲ್ಸ್ ಸಂದಿನ ಸಿಮೆಂಟನ್ನೂ ಅದು ತಿನ್ನುತ್ತದೆ, ಸ್ಟೀಲ್ ನಲ್ಲಿಯನ್ನೂ ಬಿಡುವುದಿಲ್ಲ.

ನನಗೆ ಜಾಸ್ತಿ ಭಯ ಬೇರೆಯದು. ಇನ್ನೂ ಬೆಳ್ಳಗಾಗಲಿ ಅಂತ ಕೆಲವರು ಇದರ ಜತೆ ಬ್ಲೀಚಿಂಗ್ ಪೌಡರನ್ನೂ ಸುರಿಯುತ್ತಾರೆ. ಆಗ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಜರ್ಮನ್ ಸೇನೆ ಬಿಟ್ಟದ್ದು ಇದನ್ನೇ. ನಮ್ಮ ಮನೆಯಾಕೆಯೂ ಒಮ್ಮೆ ಹೀಗೆ ಮಾಡಿ, ಎರಡು ದಿನ ಕೆಮ್ಮಿದ್ದುಂಟು. ಮೇಷ್ಟ್ರ ಮನೆಯಲ್ಲೇ ಹೀಗೆ!

ಆಸಿಡ್ ದಾಳಿಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶ ಕೊಟ್ಟಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಹೆಸರು, ವಿಳಾಸ ಬರೆದಿಡಬೇಕು, 18 ತುಂಬದವರಿಗೆ ಮಾರಬಾರದು. ಗಾಡಿಯವನ ಹತ್ತಿರ ಎಲ್ಲಿಯ ರಿಜಿಸ್ಟರ್? ಅವನ ಮೇಲೆ ಸುಮ್ನೆ ರೇಗಿ ಫಲವಿಲ್ಲ, ಅವನಿಗೆ ಕ್ಯಾನ್‌ಗಟ್ಟಲೆ ಕೊಡುವವರನ್ನು ಅಧಿಕಾರಿಗಳು ಮೊದಲು ವಿಚಾರಿಸಲಿ.

ಅಲ್ಲಿಯವರೆಗೆ, ಮೈಗೆ ಸಿಡಿದರೆ ತಕ್ಷಣ ನಲ್ಲಿಯ ಕೆಳಗೆ ಹಿಡಿದು ಕನಿಷ್ಠ 20 ನಿಮಿಷ ತೊಳೆಯಿರಿ. ಅರಿಶಿನ, ಪೇಸ್ಟ್ ಹಚ್ಚಬೇಡಿ. ನುಂಗಿದ್ದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಓಡಿ.

– ನಿವೃತ್ತ ವಿಜ್ಞಾನ ಮೇಷ್ಟ್ರು, ತುಮಕೂರು