ಚಾರಿತ್ರ್ಯಕ್ಕೂ ಲೆಕ್ಕಪುಸ್ತಕ ಬೇಕು

ಮಾನ್ಯರೇ,

ಅಮೆರಿಕದ ಅಧ್ಯಕ್ಷ ಚುನಾವಣೆ ಎಂದರೆ ನಮ್ಮಲ್ಲಿ ಅಭ್ಯರ್ಥಿಗಳ ಖಾಸಗಿ ನಡತೆಯದೇ ಮಾತು. ಹಣದ ದಾರಿಯನ್ನೂ ನೋಡಬೇಕು. 2024ರಲ್ಲಿ ಒಬ್ಬ ವ್ಯಕ್ತಿ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾಗಿದ್ದುದು ಪ್ರೈಮರಿಗೆ (ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) 3,300 ಡಾಲರ್, ಅಂತಿಮ ಚುನಾವಣೆಗೆ ಇನ್ನೊಂದು 3,300. ಇದು ಮುಂಬಾಗಿಲು. (ಗ್ರೀನ್ ಕಾರ್ಡ್ ಇಲ್ಲದ ನಮ್ಮ ಎಚ್-1ಬಿ ವೀಸಾದವರು ಒಂದು ಡಾಲರನ್ನೂ ಕೊಡುವಂತಿಲ್ಲ.)

ಕಂಪನಿ, ಸಂಘಗಳು ಚುನಾವಣೆಯಲ್ಲಿ ಸ್ವತಂತ್ರವಾಗಿ ಎಷ್ಟಾದರೂ ಖರ್ಚು ಮಾಡಬಹುದೆಂದ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಬೆನ್ನಿಗೇ ಹುಟ್ಟಿದ ಸೂಪರ್ ಪ್ಯಾಕ್‌ಗಳು, ಅಂದರೆ ಅಭ್ಯರ್ಥಿಯ ಪರ ಇಲ್ಲವೇ ವಿರುದ್ಧ ಪ್ರತ್ಯೇಕವಾಗಿ ಪ್ರಚಾರ ಮಾಡುವ ಗುಂಪುಗಳು, ಹಿಂಬಾಗಿಲು. ಅಲ್ಲಿ ದೇಣಿಗೆಗೆ ಮಿತಿಯಿಲ್ಲ. ಅಭ್ಯರ್ಥಿಯೊಡನೆ ಮಾತಾಡಿಕೊಂಡು ಖರ್ಚು ಮಾಡಬಾರದು ಎಂಬುದೊಂದೇ ದೊಡ್ಡ ಷರತ್ತು. ಆದರೆ ಅಭ್ಯರ್ಥಿಯ ಹಳೆಯ ಸಹಾಯಕರೇ ಅವನ್ನು ನಡೆಸಿದರೆ ಪ್ರತ್ಯೇಕ ಮಾತುಕತೆ ಯಾಕೆ ಬೇಕು? ದಾನಿಯ ಹೆಸರು ಬಹಿರಂಗವಾಗಬೇಕು, ನಿಜ. ಹಣ ಮೊದಲು ಲಾಭರಹಿತ ಸಂಸ್ಥೆಗೆ ಹೋಗಿ ಅಲ್ಲಿಂದ ಬಂದರೆ ದಾಖಲೆಯಲ್ಲಿ ಕಾಣುವುದು ಸಂಸ್ಥೆಯ ಹೆಸರು ಮಾತ್ರ.

ಕಾವಲು ಕಾಯುವ ಚುನಾವಣಾ ಆಯೋಗದಲ್ಲಿ 6 ಸ್ಥಾನ, ಒಂದು ಪಕ್ಷದವರು 3ಕ್ಕಿಂತ ಹೆಚ್ಚಿರುವಂತಿಲ್ಲ, ಕ್ರಮಕ್ಕೆ 4 ಮತ ಬೇಕು. 3-3 ಆದರೆ ದೂರು ಅಲ್ಲಿಗೇ ನಿಂತಿತು.

ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ನಂತರ ಬಂದ ಸರ್ಕಾರಿ ಪ್ರಚಾರ ನಿಧಿಯನ್ನು 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಪಡೆದರು, 8.41 ಕೋಟಿ ಡಾಲರ್ ಖರ್ಚಿನ ಮಿತಿಗೆ ಬದ್ಧರಾದರು. ಸ್ವಚ್ಛ ರಾಜಕೀಯದ ಮಾತಾಡಿದ್ದ ಎದುರಾಳಿ ಒಬಾಮ ಅದನ್ನು ಬಿಟ್ಟು ಹಲವು ಪಟ್ಟು ಸಂಗ್ರಹಿಸಿದರು. 2012ರಿಂದೀಚೆಗೆ ಎರಡೂ ದೊಡ್ಡ ಪಕ್ಷಗಳ ಅಂತಿಮ ಅಭ್ಯರ್ಥಿಗಳು ಆ ನಿಧಿಯತ್ತ ತಿರುಗಿಯೂ ನೋಡಿಲ್ಲ.