ದೊಡ್ಡಪ್ಪನಿಗೊಂದು ಸ್ವೆಟರ್

ಗೆಳೆಯಾ,

ನಿನ್ನ ಕಿವಿಗೆ ಬಿದ್ದದ್ದು ನಿಜ. ದಾವಣಗೆರೆ ಬಿಸಿಲಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದೇನೆ. ನಗಬೇಡ. ಇದು ನನಗಲ್ಲ, ಚಳ್ಳಕೆರೆ ಕಡೆ ಇರುವ ನಮ್ಮ ದೊಡ್ಡಪ್ಪನಿಗೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಧನುರ್ಮಾಸದ ಬೆಳಗಿನ ಜಾವ ಆ ಬಯಲಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು.

ಅವರಿಗೆ ಕಂಬಳಿ ಇಲ್ವಾ ಅಂತ ಕೇಳ್ತೀಯ. ಇದೆ. ಕುರಿ ಕಾಯುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಳೆ ಬಂದರೆ ಕೊಪ್ಪೆ, ರಾತ್ರಿಗೆ ಹಾಸಿಗೆ. ಆದರೆ ಈಗ ಸಂತೆಗೆ ಅಣ್ಣನ ಬೈಕ್ ಹಿಂದೆ ಕೂತು ಹೋಗುತ್ತಾರೆ. ಕಂಬಳಿ ಹಾರದ ಹಾಗೆ ಹಿಡಿಯೋಕೇ ಒಂದು ಕೈ ಬೇಕು. ಜೊತೆಗೆ ಬಲಭುಜ ಹಿಡಿದುಕೊಂಡಿದೆ, ತೋಳು ಮೇಲೆತ್ತಲು ಆಗಲ್ಲ. ತಲೆಯಿಂದ ಹಾಕುವ ಸ್ವೆಟರ್ ನಡೆಯಲ್ಲ. ಚಳಿಗಾಲದಲ್ಲಿ ಟಿಬೆಟಿನವರು ಹಾಕುವ ಅಂಗಡಿಗಳಲ್ಲಿ ಗುಂಡಿ ಸ್ವೆಟರ್ ಇದ್ದವು. ಎಲೆ ಅಡಿಕೆ ಚೀಲ, ಬೀಡಿ ಕಟ್ಟು, ಮೊಬೈಲ್ ಮೂರನ್ನೂ ತಡೆಯುವ ಜೇಬು ಮಾತ್ರ ಒಂದರಲ್ಲೂ ಇರಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ. "ಮನೆಯಲ್ಲೇ ಕುರಿ ಇವೆ, ಅದರ ಉಣ್ಣೆಯಲ್ಲೇ ಮಾಡು." ಕೇಳೋಕೆ ಚೆಂದ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು ಕಣೋ. ಮಗ್ಗದಲ್ಲಿ ನೇಯ್ದು ಹುಣಸೆ ಬೀಜದ ಗಂಜಿ ಕೊಟ್ಟರೆ ಗಟ್ಟಿಮುಟ್ಟು ಕಂಬಳಿ. ಕುತ್ತಿಗೆಗೆ ತಾಗುವ ಸ್ವೆಟರ್ ಮಾಡಿದರೆ ಚುಚ್ಚಿ ಜೀವ ತಿನ್ನುತ್ತದೆ. ಇನ್ನು ಇಲ್ಲಿ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್, ಪ್ಲಾಸ್ಟಿಕ್ ಜಾತಿಯ ಕೃತಕ ನೂಲು. ಮೆತ್ತಗಿರುತ್ತದೆ, ಅಗ್ಗ, ಒಗೆಯೋಕೂ ಸುಲಭ. ನಿನಗಾಗಿದ್ದರೆ ಅದನ್ನೇ ತರುತ್ತಿದ್ದೆ. ದೊಡ್ಡಪ್ಪ ಬೆಳಿಗ್ಗೆ ಬೆಂಕಿ ಕಾಯಿಸಿಕೊಳ್ಳುತ್ತಾ ಬೀಡಿ ಹಚ್ಚುವವರು. ಕಿಡಿ ಬಿದ್ದರೆ ಅಕ್ರಿಲಿಕ್ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಕರಗಲ್ಲ. ಬಿದ್ದ ಜಾಗ ಕರಿದಾಗುತ್ತದೆ, ಸಾಮಾನ್ಯವಾಗಿ ಅಲ್ಲೇ ಆರಿಹೋಗುತ್ತದೆ. ಅದಕ್ಕೇ ಮೆರಿನೊ ಅನ್ನೋ ಜಾತಿಯ ಕುರಿಯ ನುಣುಪಾದ ಉಣ್ಣೆ ತರಿಸಿದೆ. ಎಷ್ಟಾಯಿತು ಅಂತ ಕೇಳಬೇಡ.

ಅಳತೆಗೆ ದೊಡ್ಡಮ್ಮ ದೊಡ್ಡಪ್ಪನದೊಂದು ಹಳೇ ಅಂಗಿ ಕದ್ದು ಕೊಟ್ಟರು. 8 ನಂಬರ್ ಕಡ್ಡಿ, ಅಂದರೆ 4 ಮಿ.ಮೀ. (ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ, ಇದ್ಯಾವ ನ್ಯಾಯವೋ!) ಮೊದಲು ಒಂದು ಚಿಕ್ಕ ತುಂಡು ಹೆಣೆದು, ತೊಳೆದು, ಒಣಗಿಸಿ ಎಣಿಸಿದೆ. 10 ಸೆಂ.ಮೀ.ಗೆ 22 ಕುಣಿಕೆ. ಬೆನ್ನಿನ ಅಗಲ 50 ಸೆಂ.ಮೀ., ಅಂದರೆ 110 ಕುಣಿಕೆ. ಕೈ ಸ್ವಲ್ಪ ಸಡಿಲವಾಗಿ 22ರ ಬದಲು 20 ಬಂತು ಅಂದ್ಕೋ. ಅದೇ 110 ಕುಣಿಕೆ 55 ಸೆಂ.ಮೀ. ಆಗುತ್ತದೆ. ಹಿಂದೆ ಮುಂದೆ ಸೇರಿ 10 ಸೆಂ.ಮೀ. ದೊಗಳೆ. ಅಂಚಿಗೆ ಮಾತ್ರ 10 ನಂಬರ್ ಕಡ್ಡಿಯಲ್ಲಿ ಎರಡು ಕುಣಿಕೆ ಸೀದಾ, ಎರಡು ಉಲ್ಟಾ. ಬಣ್ಣ ಕರಿ ಕಂಬಳಿಯದೇ. ಧೂಳು ಕಾಣಲ್ಲ. ರಾತ್ರಿ ದೀಪದಲ್ಲಿ ಕುಣಿಕೆಯೂ ಕಾಣಲ್ಲ, ಅದಕ್ಕೇ ಕೆಲಸ ನಿಧಾನ.

ಒಗೆಯುವ ವಿಷಯ ದೊಡ್ಡಮ್ಮನಿಗೆ ಹೇಳಿಯಾಗಿದೆ. ಬಿಸಿನೀರು ಬೇಡ, ಕಲ್ಲಿಗೆ ಬಡಿಯೋದು ಬೇಡ, ಹಗ್ಗಕ್ಕೆ ನೇತುಹಾಕೋದೂ ಬೇಡ, ನೆರಳಲ್ಲಿ ಮಂಚದ ಮೇಲೆ ಹರಡಿ ಅಂದೆ. "ಇದು ಅಂಗಿನೋ, ಬಾಣಂತಿನೋ?" ಅಂದರು.

ಬೆನ್ನು, ಒಂದು ತೋಳು ಮುಗಿದಿವೆ. ದೀಪಾವಳಿಗೆ ಬರುವಾಗ ಚಿಕ್ಕಪೇಟೆಯಿಂದ ಆರು ಗುಂಡಿ ತಾ. ಮರದವು, ನಾಲ್ಕು ತೂತಿನವು, ದೊಡ್ಡವು. ಸಣ್ಣ ಗುಂಡಿ ದೊಡ್ಡಪ್ಪನ ಬೆರಳಿಗೆ ಸಿಗಲ್ಲ. ಗುಂಡಿ ನೋಡಿಕೊಂಡೇ ಕಾಜಾ ಬಿಡಬೇಕು, ಹಾಗಾಗಿ ನೀನು ಬರುವ ತನಕ ಮುಂಭಾಗ ಶುರು ಮಾಡುವ ಹಾಗಿಲ್ಲ. ಬೆಣ್ಣೆ ದೋಸೆ ಖರ್ಚು ನಂದು.

ನಿನ್ನ
ಗೆಳೆಯ